ಕರಗಿದ ಕಲ್ಲು, ಕರಗದ ಕಲ್ಲು: ಉಲ್ಕೆಗಳ ಬಗೆ ಗುರುತಿಸುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮೂರು ಸಂಡೂರಿನ ಹತ್ತಿರ. ಹೊಲ ಉಳುವಾಗ ಒಂದು ಕಪ್ಪು ಕಲ್ಲು ಸಿಕ್ಕಿತು. ಗಾತ್ರಕ್ಕೆ ಹೋಲಿಸಿದರೆ ತೂಕ ಜಾಸ್ತಿ. ಆಯಸ್ಕಾಂತ ಅಂಟಿಕೊಳ್ಳುತ್ತದೆ. ಇದು ಆಕಾಶದಿಂದ ಬಿದ್ದ ಕಲ್ಲು ಅಂತ ಮನೆಯವರೆಲ್ಲ ಹೇಳುತ್ತಿದ್ದಾರೆ. ಇಂಟರ್ನೆಟ್‌ನಲ್ಲಿ ನೋಡಿದರೆ ಉಡುಪಿಯಲ್ಲಿ ಬಿದ್ದದ್ದು ‘ಎಚ್5’, ಗುಜರಾತಿನ ದಿಯೋದರ್‌ನಲ್ಲಿ ಬಿದ್ದದ್ದು ‘ಆಬ್ರೈಟ್’ ಅಂತೆಲ್ಲ ಇದೆ. ಈ ಅಕ್ಷರ, ಅಂಕಿಗಳ ಅರ್ಥವೇನು? ಕಲ್ಲು ಉಲ್ಕೆಗಳಲ್ಲಿ ಎಷ್ಟು ಬಗೆ? ನನ್ನ ಕಲ್ಲು ಯಾವುದಕ್ಕೆ ಸೇರುತ್ತದೆ?

ಉತ್ತರ: ನಿಮ್ಮ ಕಲ್ಲಿನ ವಿಚಾರಕ್ಕೆ ಕೊನೆಗೆ ಬರುತ್ತೇನೆ. ಉಲ್ಕೆಯ ಒಳಗೆ ಏನಿರುತ್ತದೆ ಅಂತ ಮೊದಲು ಗೊತ್ತಾದರೆ ಅರ್ಧ ಪರೀಕ್ಷೆಯನ್ನು ನೀವೇ ಮನೆಯಲ್ಲಿ ಮಾಡಬಹುದು.

ನೆಲಕ್ಕೆ ಬೀಳುವ ಉಲ್ಕೆಗಳಲ್ಲಿ ಕಲ್ಲಿನವು, ಕಬ್ಬಿಣದವು, ಎರಡೂ ಬೆರೆತವು ಅಂತ ಮೂರು ಬಗೆ. ಬೀಳುವುದನ್ನು ಕಣ್ಣಾರೆ ಕಂಡು ಎತ್ತಿಕೊಂಡವನ್ನು ಮಾತ್ರ ಲೆಕ್ಕ ಹಾಕಿದರೆ, ನೂರರಲ್ಲಿ ಸುಮಾರು 94 ಕಲ್ಲಿನವೇ. ಐದು ಕಬ್ಬಿಣದವು, ಬೆರಕೆಯವು ಒಂದು. ಆದರೆ ಹಳೆಯ ಮ್ಯೂಸಿಯಂಗಳಲ್ಲಿ ಕಬ್ಬಿಣದ ಉಲ್ಕೆಗಳೇ ಎದ್ದು ಕಾಣುತ್ತವೆ. ಕಾರಣ ಸರಳ. ಹೊಲದಲ್ಲಿ ಕಬ್ಬಿಣದ ಗಟ್ಟಿ ಸಿಕ್ಕರೆ ಯಾರೇ ಆದರೂ ಎತ್ತಿ ನೋಡುತ್ತಾರೆ. ಕಲ್ಲು ಉಲ್ಕೆ ಮಾತ್ರ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು, ಊರಿನ ಉಳಿದ ಕಲ್ಲುಗಳ ಜೊತೆ ಸೇರಿಹೋಗುತ್ತದೆ.

ಕಲ್ಲು ಉಲ್ಕೆಗಳ ವಿಂಗಡಣೆಯಲ್ಲಿ ಹೆಸರುಗಳು ತುಂಬಾ ಇವೆ. ಅವನ್ನು ಬಾಯಿಪಾಠ ಮಾಡಿದರೆ ತಲೆಗೆ ಹತ್ತುವುದಿಲ್ಲ. ನಾನು ಯಾರಿಗೇ ಹೇಳುವಾಗಲೂ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತೇನೆ: ಈ ಕಲ್ಲು ಯಾವ ತಾಯಿಕಾಯದಿಂದ ಒಡೆದು ಬಂತೋ, ಆ ಕಾಯ ಒಮ್ಮೆಯಾದರೂ ಕಾದು ಕರಗಿತ್ತೇ? ಕರಗಿಲ್ಲ ಅಂದರೆ ಅದು ಕಾಂಡ್ರೈಟ್. ಕರಗಿತ್ತು ಅಂದರೆ ಅಕಾಂಡ್ರೈಟ್. ಉಳಿದ ವಿಂಗಡಣೆಯೆಲ್ಲ ಈ ಎರಡು ಕವಲುಗಳಲ್ಲೇ ಬೆಳೆಯುತ್ತದೆ.

ಕರಗದ ಕಲ್ಲನ್ನು ಹತ್ತಿರದಿಂದ ನೋಡೋಣ. ಉಡುಪಿಯದರಂಥ ಒಂದು ಎಚ್5 ಉಲ್ಕೆಯನ್ನು ಕೊಯ್ದು, ಮುಖ ನುಣುಪು ಮಾಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದಿರಿ ಅಂತಿಟ್ಟುಕೊಳ್ಳಿ. ಮೊದಲು ಕಣ್ಣಿಗೆ ಬೀಳುವುದು ಲೋಹದ ಚುಕ್ಕಿಗಳು. ಬೂದು ಬಣ್ಣದ ಕಲ್ಲಿನ ತುಂಬ ಬೆಳ್ಳಗೆ ಹೊಳೆಯುವ ಸಣ್ಣ ಸಣ್ಣ ಚೂರುಗಳು. ಇದು ನಿಕಲ್ ಬೆರೆತ ಕಬ್ಬಿಣ. ನಡುನಡುವೆ ತುಸು ಹಳದಿ ಛಾಯೆಯ ಚೂರುಗಳೂ ಕಾಣುತ್ತವೆ. ಅದು ಟ್ರಾಯ್ಲೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಕಲ್ಲನ್ನು ಬೆಳಕಿನಲ್ಲಿ ಸ್ವಲ್ಪ ತಿರುಗಿಸಿ ನೋಡಿದರೆ, ರಾಗಿ ಕಾಳಿಗಿಂತ ಚಿಕ್ಕದಾದ ಗುಂಡು ಗುಂಡು ಆಕಾರಗಳು ಅಲ್ಲಲ್ಲಿ ಮೂಡುತ್ತವೆ. ಕೆಲವದರ ಅಂಚು ಚೆನ್ನಾಗಿ ಕಾಣುತ್ತದೆ, ಕೆಲವು ಸುತ್ತಲಿನ ಕಲ್ಲಿನಲ್ಲಿ ಬೆರೆತುಹೋಗಿರುತ್ತವೆ. ಇವೇ ಕಾಂಡ್ರೂಲ್‌ಗಳು. ಇವು ಇರುವುದರಿಂದಲೇ ಕಲ್ಲಿಗೆ ಕಾಂಡ್ರೈಟ್ ಅನ್ನುವ ಹೆಸರು.

ಭೂಮಿಯ ಯಾವ ಬಂಡೆಯಲ್ಲೂ ಕಾಂಡ್ರೂಲ್ ಸಿಗುವುದಿಲ್ಲ. ಸೂರ್ಯನ ಸುತ್ತ ಇನ್ನೂ ಗ್ರಹಗಳೇ ಇಲ್ಲದ ಕಾಲ, ಬರೀ ಅನಿಲ ಮತ್ತು ದೂಳಿನ ತಟ್ಟೆ ಸುತ್ತುತ್ತಿದ್ದ ಕಾಲ. ಆಗ ಆ ದೂಳಿನ ಉಂಡೆಗಳು ಇದ್ದಕ್ಕಿದ್ದಂತೆ 1,500 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿ ಕಾದು, ಹನಿಗಳಾಗಿ, ಕೆಲವೇ ಗಂಟೆಗಳಿಂದ ದಿನಗಳ ಒಳಗೆ ಆರಿ ಗಟ್ಟಿಯಾದವು. 19ನೇ ಶತಮಾನದಲ್ಲೇ ಇಂಗ್ಲೆಂಡಿನ ಹೆನ್ರಿ ಸಾರ್ಬಿ ಇವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬೆಂಕಿಮಳೆಯ ಹನಿಗಳು ಅಂದಿದ್ದರು. ಕಾಯಿಸಿದ್ದು ಯಾವುದು ಅನ್ನುವುದರಲ್ಲಿ ಇಂದಿಗೂ ಒಮ್ಮತವಿಲ್ಲ. ಅನಿಲದಲ್ಲಿ ಹಾದುಹೋದ ಆಘಾತದ ಅಲೆಗಳು ಅಂತ ಕೆಲವರು, ಎಳೆಯ ಕಾಯಗಳು ಡಿಕ್ಕಿ ಹೊಡೆದಾಗ ಸಿಡಿದ ಹನಿಗಳು ಅಂತ ಕೆಲವರು.

ಹನಿ ಬೇಗ ಆರಿತೋ ನಿಧಾನವಾಗಿ ಆರಿತೋ ಅನ್ನುವುದು ಅದರ ಒಳಗಿನ ಹರಳುಗಳಲ್ಲಿ ಬರೆದಿರುತ್ತದೆ. ಕಲ್ಲನ್ನು ಬೆಳಕು ತೂರಿ ಹೋಗುವಷ್ಟು ತೆಳ್ಳಗೆ, 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಬೇಕು. ಕೆಲವು ಕಾಂಡ್ರೂಲ್‌ಗಳ ಒಳಗೆ ಆಲಿವೀನ್ (ಕಬ್ಬಿಣ, ಮೆಗ್ನೀಸಿಯಂ, ಸಿಲಿಕಾನ್ ಸೇರಿದ ಖನಿಜ) ಹರಳಿನ ಕಂಬಿಗಳು ಸಾಲಾಗಿ ನಿಂತಿರುತ್ತವೆ, ಕಂಬಿಗಳ ನಡುವೆ ಗಾಜು. ಕೆಲವದರಲ್ಲಿ ಪೈರಾಕ್ಸೀನ್ ಅನ್ನುವ ಅಂಥದೇ ಇನ್ನೊಂದು ಖನಿಜ ಒಂದು ಅಂಚಿನಿಂದ ಬೀಸಣಿಗೆಯ ಹಾಗೆ ಹರಡಿರುತ್ತದೆ. ನೀಲಿ, ಹಳದಿ, ಕಿತ್ತಳೆ ಬಣ್ಣಗಳು ಏಳುತ್ತವೆ. ನೋಡಿದವರು ಸುಲಭಕ್ಕೆ ಮರೆಯುವುದಿಲ್ಲ.

ಈಗ ನೀವು ಕೇಳಿದ ಅಕ್ಷರಕ್ಕೆ ಬರೋಣ. ಬೀಳುವ ಉಲ್ಕೆಗಳಲ್ಲಿ ನೂರಕ್ಕೆ 80ರಷ್ಟು ಸಾಮಾನ್ಯ ಕಾಂಡ್ರೈಟ್‌ಗಳು. ಇವುಗಳಲ್ಲಿ ಮೂರು ಗುಂಪು: ಎಚ್ (ಹೈ, ಅಂದರೆ ಕಬ್ಬಿಣ ಹೆಚ್ಚು), ಎಲ್ (ಲೋ, ಅಂದರೆ ಕಬ್ಬಿಣ ಕಡಿಮೆ), ಎಲ್‌ಎಲ್ (ಕಬ್ಬಿಣವೂ ಕಡಿಮೆ, ಲೋಹವೂ ಕಡಿಮೆ). ವಿಂಗಡಣೆ ಕಬ್ಬಿಣದ ಲೆಕ್ಕದ ಮೇಲೆ. ಎಚ್ ಗುಂಪಿನಲ್ಲಿ ಒಟ್ಟು ಕಬ್ಬಿಣ ತೂಕದ ಶೇ. 27ರ ಆಸುಪಾಸು, ಎಲ್‌ನಲ್ಲಿ ಶೇ. 22, ಎಲ್‌ಎಲ್‌ನಲ್ಲಿ ಶೇ. 20ರ ಹತ್ತಿರ. ಇಷ್ಟೇ ಆಗಿದ್ದರೆ ವ್ಯತ್ಯಾಸ ಸಣ್ಣದು ಅನಿಸುತ್ತಿತ್ತು. ಮುಖ್ಯವಾದದ್ದು ಆ ಕಬ್ಬಿಣ ಎಲ್ಲಿದೆ ಅನ್ನುವುದು. ಎಚ್‌ನಲ್ಲಿ ಹೆಚ್ಚಿನ ಪಾಲು ಲೋಹವಾಗಿಯೇ ಉಳಿದಿದೆ, ಹಾಗಾಗಿ ಆಯಸ್ಕಾಂತ ಗಟ್ಟಿಯಾಗಿ ಹಿಡಿಯುತ್ತದೆ. ಎಲ್‌ಎಲ್‌ನಲ್ಲಿ ಬಹುಪಾಲು ಕಬ್ಬಿಣ ಆಮ್ಲಜನಕದ ಜೊತೆ ಸೇರಿ ಆಲಿವೀನ್, ಪೈರಾಕ್ಸೀನ್ ಒಳಗೆ ಹೋಗಿಬಿಟ್ಟಿದೆ, ಲೋಹ ಅಲ್ಲೊಂದು ಇಲ್ಲೊಂದು ಚುಕ್ಕಿ ಮಾತ್ರ. ಪ್ರಯೋಗಾಲಯದಲ್ಲಿ ಆಲಿವೀನ್‌ನಲ್ಲಿ ಕಬ್ಬಿಣ ಎಷ್ಟಿದೆ ಅಂತ ಅಳೆದರೆ ಗುಂಪು ಗೊತ್ತಾಗುತ್ತದೆ. ಆಲಿವೀನ್‌ನಲ್ಲಿ ಕಬ್ಬಿಣದ ಬಗೆಯದು ನೂರಕ್ಕೆ ಎಷ್ಟು ಪಾಲು ಅನ್ನುವುದೇ ಈ ಅಳತೆ. ಅದು 16ರಿಂದ 20ರ ಒಳಗಿದ್ದರೆ ಎಚ್, 22ರಿಂದ 26 ಇದ್ದರೆ ಎಲ್, 27 ದಾಟಿದರೆ ಎಲ್‌ಎಲ್. ಗುಂಪುಗಳ ನಡುವೆ ಹೀಗೆ ಅಂತರ ಇರುವುದು ಗಮನಿಸಬೇಕಾದ ಸಂಗತಿ. ಮೂರೂ ಒಂದೇ ಕಾಯದ ಚೂರುಗಳಾಗಿದ್ದರೆ ಅಳತೆಗಳು ಒಂದರೊಳಗೊಂದು ಬೆರೆಯುತ್ತಿದ್ದವು. ಇವು ಬೇರೆ ಬೇರೆ ಕ್ಷುದ್ರಗ್ರಹಗಳಿಂದ ಬಂದವು ಅನ್ನಲು ಇದೊಂದು ಬಲವಾದ ಆಧಾರ.

ಇವುಗಳಲ್ಲಿ ಎರಡು ಗುಂಪಿಗೆ ನಮ್ಮ ನಾಡಿನಲ್ಲೇ ಉದಾಹರಣೆ ಇದೆ. 1865ರ ಸೆಪ್ಟೆಂಬರ್‌ನಲ್ಲಿ ಮೈಸೂರು ಸೀಮೆಯಲ್ಲಿ ಬಿದ್ದು, ಪಟ್ಟಿಗಳಲ್ಲಿ ‘ಮುದ್ದೂರ್’ ಅಂತ ದಾಖಲಾದ ಕಲ್ಲು ಎಲ್5. ಮರುವರ್ಷ ಏಪ್ರಿಲ್‌ನಲ್ಲಿ ಬಿದ್ದ ಉಡುಪಿಯ ಕಲ್ಲು ಎಚ್5. ವರ್ಷದೊಳಗೆ, ಒಂದೇ ನಾಡಿಗೆ, ಎರಡು ಬೇರೆ ಕ್ಷುದ್ರಗ್ರಹಗಳ ಚೂರು!

ಎಲ್ ಗುಂಪಿಗೆ ಒಂದು ದೊಡ್ಡ ಅಪಘಾತದ ಕಥೆಯೂ ಇದೆ. ಸುಮಾರು 47 ಕೋಟಿ ವರ್ಷಗಳ ಹಿಂದೆ ಇವುಗಳ ತಾಯಿಕಾಯ ಭಾರಿ ಡಿಕ್ಕಿಗೆ ಸಿಕ್ಕು ಒಡೆಯಿತು. ಆಗ ಭೂಮಿಗೆ ಬಿದ್ದ ಚೂರುಗಳು ಸ್ವೀಡನ್ನಿನ ಸುಣ್ಣಕಲ್ಲಿನ ಕ್ವಾರಿಯಲ್ಲಿ, ಹಳೆಯ ಸಮುದ್ರಜೀವಿಗಳ ಪಳೆಯುಳಿಕೆಗಳ ಪಕ್ಕದಲ್ಲೇ ಸಿಕ್ಕಿವೆ. ಎಷ್ಟೋ ಎಲ್ ಕಾಂಡ್ರೈಟ್‌ಗಳನ್ನು ಕೊಯ್ದರೆ ಕೂದಲೆಳೆಯಂಥ ಕಪ್ಪು ಗೆರೆಗಳು ಕಾಣುತ್ತವೆ. ಡಿಕ್ಕಿಯ ಒತ್ತಡಕ್ಕೆ ಕಲ್ಲು ಅಲ್ಲಷ್ಟೇ ಕರಗಿ ಮತ್ತೆ ಗಟ್ಟಿಯಾದ ಗುರುತು ಅದು. ಆಸ್ಟ್ರೇಲಿಯಾದಲ್ಲಿ 1879ರಲ್ಲಿ ಬಿದ್ದ ಟೆನಮ್ ಉಲ್ಕೆಯ ಇಂಥ ಗೆರೆಗಳಲ್ಲೇ ರಿಂಗ್‌ವುಡೈಟ್ ಮತ್ತು ಬ್ರಿಜ್‌ಮನೈಟ್ ಖನಿಜಗಳನ್ನು ಮೊದಲು ಗುರುತಿಸಿದ್ದು. ಎರಡನೆಯದು ನಮ್ಮ ಕಾಲ ಕೆಳಗೆ, 660 ಕಿಲೋಮೀಟರ್‌ಗಿಂತ ಆಳದಲ್ಲಿ, ಭೂಮಿಯ ಅತಿ ಹೇರಳ ಖನಿಜ. ಅಲ್ಲಿಗೆ ಯಾರೂ ಹೋಗಲಾರರು, ಅದರ ತುಣುಕು ಮಾತ್ರ ಆಕಾಶದಿಂದ ಬಂತು.

ಇನ್ನು ಅಂಕಿ. ವ್ಯಾನ್ ಶ್ಮಸ್ ಮತ್ತು ವುಡ್ ಎಂಬ ವಿಜ್ಞಾನಿಗಳು 1967ರಲ್ಲಿ ಕೊಟ್ಟ ಪದ್ಧತಿ ಇದು. ಸ್ವಲ್ಪ ತಿದ್ದುಪಡಿಯೊಂದಿಗೆ ಇಂದಿಗೂ ಚಾಲ್ತಿಯಲ್ಲಿದೆ. ಇಲ್ಲಿ ಒಂದು ವಿಷಯ ಎಲ್ಲರನ್ನೂ ಗೊಂದಲಕ್ಕೆ ಬೀಳಿಸುತ್ತದೆ, ಗಮನವಿಟ್ಟು ಓದಿ. 1 ಅಂದರೆ ಅತಿ ಹಳತು, 6 ಅಂದರೆ ಅತಿ ಹೊಸತು ಅಂತ ಅಲ್ಲ. ಹೆಚ್ಚುಕಮ್ಮಿ ಬದಲಾಗದೆ ಉಳಿದದ್ದು 3. ಅಲ್ಲಿಂದ 4, 5, 6 ಅಂತ ಏರಿದರೆ ಬಿಸಿಯಿಂದ ಆದ ಬದಲಾವಣೆ. 2, 1 ಅಂತ ಇಳಿದರೆ ನೀರಿನಿಂದ ಆದ ಬದಲಾವಣೆ.

ಬಿಸಿ ಏನು ಮಾಡುತ್ತದೆ? ಬಗೆ 3ರ ಕಲ್ಲಿನಲ್ಲಿ ಪ್ರತಿ ಕಾಂಡ್ರೂಲೂ ಸ್ಪಷ್ಟ, ಒಳಗಿನ ಗಾಜು ಹಾಗೇ ಇದೆ. ಪಕ್ಕಪಕ್ಕದ ಎರಡು ಆಲಿವೀನ್ ಹರಳುಗಳನ್ನು ಅಳೆದರೆ ಕಬ್ಬಿಣದ ಪ್ರಮಾಣ ಬೇರೆ ಬೇರೆ ಬರುತ್ತದೆ. ಕಲ್ಲು ತಾಯಿಕಾಯದ ಒಳಗೆ ಲಕ್ಷಾಂತರ ವರ್ಷ ಬಿಸಿಯಲ್ಲಿ ಕೂತರೆ ಕಬ್ಬಿಣ ನಿಧಾನಕ್ಕೆ ಹರಡಿ ಎಲ್ಲ ಹರಳುಗಳಲ್ಲೂ ಸಮ ಆಗುತ್ತದೆ. ಗಾಜು ಸಣ್ಣ ಹರಳುಗಳಾಗುತ್ತದೆ, ಕಾಂಡ್ರೂಲ್‌ಗಳ ಅಂಚು ಮಸುಕಾಗುತ್ತದೆ. 800–900 ಡಿಗ್ರಿ ಕಂಡ ಬಗೆ 6ರ ಕಲ್ಲಿನಲ್ಲಿ ಕಾಂಡ್ರೂಲ್ ಹುಡುಕಲು ಅಭ್ಯಾಸ ಬೇಕು. 2012ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕಾಟೋಲ್‌ನಲ್ಲಿ ಬಿದ್ದದ್ದು ಎಲ್6, ಅಂಥದೇ ಕಲ್ಲು. ಉಡುಪಿಯ 5 ಅಂದರೆ ಸಾಕಷ್ಟು ಕಾದದ್ದು, ಆದರೆ ಕಾಂಡ್ರೂಲ್‌ಗಳ ಗುರುತು ಇನ್ನೂ ಅಳಿಸಿಲ್ಲ.

ಬಗೆ 3ನ್ನು ಇನ್ನೂ ಹತ್ತು ಮೆಟ್ಟಿಲಾಗಿ, 3.0ರಿಂದ 3.9ರವರೆಗೆ ಒಡೆಯುತ್ತಾರೆ. 1976ರಲ್ಲಿ ಗುಜರಾತಿನಲ್ಲಿ ಬಿದ್ದ ಧಜಾಲಾ 3.8. ಇನ್ನು 1940ರಲ್ಲಿ ಮಧ್ಯಪ್ರದೇಶದಲ್ಲಿ ಬಿದ್ದ ಸೆಮರ್‌ಕೋನಾ ಇದೆಯಲ್ಲ, ಅದು ಎಲ್‌ಎಲ್3.00. ಸಾಮಾನ್ಯ ಕಾಂಡ್ರೈಟ್‌ಗಳಲ್ಲಿ ಅದಕ್ಕಿಂತ ಕೆಡದೆ ಉಳಿದ ಕಲ್ಲು ಕಾಣಸಿಗುವುದು ತೀರಾ ಅಪರೂಪ. ಸೌರಮಂಡಲದ ಹುಟ್ಟಿನ ಬಗ್ಗೆ ಕೆಲಸ ಮಾಡುವ ಯಾವ ದೇಶದ ವಿಜ್ಞಾನಿಯೇ ಆಗಲಿ, ಆ ಊರಿನ ಹೆಸರು ಕೇಳಿರುತ್ತಾರೆ. ನಮ್ಮಲ್ಲೇ ಅದು ಅಷ್ಟಾಗಿ ಗೊತ್ತಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ.

ನೀರಿನ ಕಡೆ ಹೊರಳಿದರೆ ಇಂಗಾಲದ ಕಾಂಡ್ರೈಟ್‌ಗಳು ಸಿಗುತ್ತವೆ. ಇವು ಕಪ್ಪಗೆ, ಹಗುರ, ಹಲವು ಬೆರಳಲ್ಲೇ ಪುಡಿಯಾಗುತ್ತವೆ. ಇಲ್ಲಿಯ ಗುಂಪುಗಳಿಗೆ ಮೊದಲು ಇಂಗಾಲದ ‘ಸಿ’, ಆಮೇಲೆ ಮಾದರಿ ಕಲ್ಲು ಬಿದ್ದ ಊರಿನ ಅಕ್ಷರ: ಟಾಂಜಾನಿಯಾದ ಇವುನಾದಿಂದ ಸಿಐ, ಯುಕ್ರೇನಿನ ಮಿಘೈಯಿಂದ ಸಿಎಂ, ಇಟಲಿಯ ವಿಗರಾನೋದಿಂದ ಸಿವಿ, ಹೀಗೆ. ಸಿಐ ಗುಂಪು ಎಲ್ಲಕ್ಕಿಂತ ವಿಚಿತ್ರ. ಹೆಸರಿಗೆ ಕಾಂಡ್ರೈಟ್, ಆದರೆ ಒಳಗೆ ಕಾಂಡ್ರೂಲ್‌ಗಳೇ ಇಲ್ಲ ಅನ್ನಬಹುದು. ತಾಯಿಕಾಯದಲ್ಲಿದ್ದ ಹಿಮ ಕರಗಿ, ನೀರು ಹರಿದು, ಖನಿಜಗಳೆಲ್ಲ ಜೇಡಿಯಾಗಿವೆ. ಹಾಗಿದ್ದರೂ ರಾಸಾಯನಿಕವಾಗಿ ನೋಡಿದರೆ ಇದೇ ಸೂರ್ಯನಿಗೆ ಅತಿ ಹತ್ತಿರ. ಹೈಡ್ರೋಜನ್, ಹೀಲಿಯಂನಂಥ ಹಾರಿಹೋಗುವ ಕೆಲವು ಮೂಲವಸ್ತುಗಳನ್ನು ಬಿಟ್ಟರೆ, ಉಳಿದವುಗಳ ಪ್ರಮಾಣ ಸೂರ್ಯನ ಮೇಲ್ಮೈಯಲ್ಲಿ ಇರುವಂತೆಯೇ ಇದೆ. ಬೀಳುವಾಗ ಕಂಡ ಸಿಐ ಉಲ್ಕೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲೊಂದು 1911ರಲ್ಲಿ ರಾಜಸ್ಥಾನದ ಟೋಂಕ್‌ನಲ್ಲಿ ಬಿತ್ತು. ಸಿಕ್ಕಿದ್ದು ಎಂಟು ಗ್ರಾಂಗೂ ಕಡಿಮೆ. ಜಪಾನಿನ ಹಯಾಬುಸಾ-2 ನೌಕೆ 2020ರಲ್ಲಿ ರ್‍ಯುಗು ಕ್ಷುದ್ರಗ್ರಹದಿಂದ ತಂದ ಮಣ್ಣು ಇದೇ ಗುಂಪನ್ನು ಹೋಲುತ್ತದೆ.

ಸಿಎಂ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರುವುದು 1969ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಬಿದ್ದ ಮರ್ಚಿಸನ್. ಅದರಲ್ಲಿ 70ಕ್ಕೂ ಹೆಚ್ಚು ಅಮೈನೋ ಆಮ್ಲಗಳು ಸಿಕ್ಕಿವೆ, ಬಹಳಷ್ಟು ಭೂಮಿಯ ಜೀವಿಗಳಲ್ಲಿ ಬಳಕೆಯಲ್ಲೇ ಇಲ್ಲದವು. ಸೂರ್ಯನಿಗಿಂತಲೂ ಹಳೆಯ, ಬೇರೆ ನಕ್ಷತ್ರಗಳಲ್ಲಿ ಹುಟ್ಟಿದ ಸಿಲಿಕಾನ್ ಕಾರ್ಬೈಡ್ ಕಣಗಳೂ ಇವೆ. ನಮ್ಮ ದೇಶದಲ್ಲಿ 2017ರ ಜೂನ್ 6ರ ಬೆಳಗಿನ ಜಾವ ಜೈಪುರದ ಹತ್ತಿರದ ಮುಕುಂದಪುರಾದ ಹೊಲಕ್ಕೆ ಬಿದ್ದದ್ದು ಇದೇ ಸಿಎಂ ಗುಂಪು. ಸಿವಿ ಗುಂಪಿನ ಅಯೆಂಡೆ 1969ರ ಫೆಬ್ರುವರಿಯಲ್ಲಿ ಮೆಕ್ಸಿಕೋದ ಮೇಲೆ ಟನ್‌ಗಟ್ಟಲೆ ಸುರಿಯಿತು. ಅದರ ಕೊಯ್ದ ಮುಖದಲ್ಲಿ ಬೆಳ್ಳಗಿನ ಅಂಕುಡೊಂಕು ಮಚ್ಚೆಗಳು ಬರಿಗಣ್ಣಿಗೇ ಕಾಣುತ್ತವೆ. ಕ್ಯಾಲ್ಸಿಯಂ, ಅಲ್ಯೂಮಿನಿಯಂ ತುಂಬಿದ ಈ ಮಚ್ಚೆಗಳು ಸೌರಮಂಡಲದಲ್ಲಿ ಮೊದಲು ಗಟ್ಟಿಯಾದ ವಸ್ತು. ವಯಸ್ಸು 456.7 ಕೋಟಿ ವರ್ಷ. ಸೌರಮಂಡಲದ ವಯಸ್ಸು ಅಂತ ಪುಸ್ತಕಗಳಲ್ಲಿ ಕೊಡುವ ಸಂಖ್ಯೆ ಇಂಥ ಮಚ್ಚೆಗಳಿಂದ ಬಂದದ್ದೇ.

ಕಾಂಡ್ರೈಟ್‌ಗಳಲ್ಲಿ ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಎನ್‌ಸ್ಟಟೈಟ್ ಕಾಂಡ್ರೈಟ್‌ಗಳು, ಅಂದರೆ ಇಎಚ್ ಮತ್ತು ಇಎಲ್, ಆಮ್ಲಜನಕಕ್ಕೆ ತೀರಾ ಬರವಿದ್ದ ಜಾಗದಲ್ಲಿ ಹುಟ್ಟಿದವು. ಕಬ್ಬಿಣವೆಲ್ಲ ಲೋಹದಲ್ಲಿ ಅಥವಾ ಗಂಧಕದ ಜೊತೆ, ಕಲ್ಲಿನ ಖನಿಜಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆರ್ ಗುಂಪು ಇದಕ್ಕೆ ತದ್ವಿರುದ್ಧ, ಲೋಹ ಹುಡುಕಿದರೂ ಸಿಗುವುದು ಕಷ್ಟ. ಕೆ ಅನ್ನುವ ಪುಟ್ಟ ಗುಂಪಿಗೆ ಹೆಸರು ಬಂದದ್ದು 1890ರಲ್ಲಿ ತಮಿಳುನಾಡಿನ ಕಾಕಂಗರಿಯಲ್ಲಿ ಬಿದ್ದ ಕಲ್ಲಿನಿಂದ.

ಈಗ ಎರಡನೇ ಕವಲು, ಕರಗಿದ ಕಲ್ಲುಗಳು. ಒಂದು ಪ್ರಶ್ನೆ ಏಳಬೇಕು: ಆಕಾಶದ ಚಳಿಯಲ್ಲಿ ತೇಲುವ, ಕೆಲವು ಹತ್ತು ಅಥವಾ ನೂರು ಕಿಲೋಮೀಟರ್ ಅಗಲದ ಕಾಯ ಕರಗಿದ್ದಾದರೂ ಹೇಗೆ? ಡಿಕ್ಕಿಗಳ ಬಿಸಿ ಸಾಲದು. ಉತ್ತರ ಅಲ್ಯೂಮಿನಿಯಂ-26 ಅನ್ನುವ ವಿಕಿರಣಶೀಲ ಪರಮಾಣುವಿನಲ್ಲಿದೆ. ಅದರ ಅರ್ಧಾಯುಷ್ಯ ಸುಮಾರು ಏಳು ಲಕ್ಷ ವರ್ಷ ಅಷ್ಟೇ. ಹಾಗಾಗಿ ಸೌರಮಂಡಲದ ಮೊದಲ ಕೆಲವು ಲಕ್ಷ ವರ್ಷಗಳಲ್ಲೇ ಕೂಡಿಕೊಂಡ ಕಾಯಗಳಿಗೆ ಅದು ಹೇರಳವಾಗಿ ಸಿಕ್ಕಿತು, ಅವು ಒಳಗಿನಿಂದ ಕಾದು ಕರಗಿದವು. ತಡವಾಗಿ ಕೂಡಿಕೊಂಡವು ಕಾದವು, ಕರಗಲಿಲ್ಲ. ಕಾಂಡ್ರೈಟ್‌ನ 4, 5, 6ರ ಬಿಸಿಯೂ ಇಲ್ಲಿಂದಲೇ ಬಂದದ್ದು. ಕರಗಿದ ಕಲ್ಲಿನಲ್ಲಿ ಇದಕ್ಕೆ ನೇರ ಸಾಕ್ಷಿ ಒದಗಿಸಿದ್ದು ನಮ್ಮ ದೇಶದ ಉಲ್ಕೆ. 1996ರಲ್ಲಿ ರಾಜಸ್ಥಾನದಲ್ಲಿ ಬಿದ್ದ ಪಿಪಲಿಯಾ ಕಲಾನ್ ಎಂಬ ಯೂಕ್ರೈಟ್‌ನಲ್ಲಿ (ಅಕಾಂಡ್ರೈಟ್‌ನ ಒಂದು ಬಗೆ, ಮುಂದೆ ಹೇಳುತ್ತೇನೆ), ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಶ್ರೀನಿವಾಸನ್, ಗೋಸ್ವಾಮಿ ಮತ್ತು ಭಂಡಾರಿ ಅಲ್ಯೂಮಿನಿಯಂ-26 ಬಿಟ್ಟುಹೋದ ಗುರುತನ್ನು ಹಿಡಿದು 1999ರಲ್ಲಿ ಪ್ರಕಟಿಸಿದರು. ಈ ಕ್ಷೇತ್ರದಲ್ಲಿ ಭಾರತದಲ್ಲಿ ನಡೆದ ಅತ್ಯುತ್ತಮ ಕೆಲಸಗಳಲ್ಲಿ ಇದೂ ಒಂದು ಅನ್ನುವುದು ನನ್ನ ಅಭಿಪ್ರಾಯ.

ಕಾಯ ಕರಗಿದರೆ ಭಾರದ ಕಬ್ಬಿಣ ಕೇಂದ್ರಕ್ಕೆ ಇಳಿಯುತ್ತದೆ, ಹಗುರ ಕಲ್ಲು ಮೇಲೆ ಉಳಿಯುತ್ತದೆ. ಕಾಂಡ್ರೂಲ್ ಅಳಿಸಿಹೋಗುತ್ತದೆ. ಹೀಗಾಗಿ ಅಕಾಂಡ್ರೈಟ್‌ಗಳಲ್ಲಿ ಲೋಹ ಬಹಳ ಕಡಿಮೆ, ಎಷ್ಟೋ ಕಲ್ಲುಗಳಿಗೆ ಆಯಸ್ಕಾಂತ ಹಿಡಿಯುವುದೇ ಇಲ್ಲ. ಇವುಗಳಲ್ಲಿ ದೊಡ್ಡ ಕುಟುಂಬ ಹೌವರ್ಡೈಟ್, ಯೂಕ್ರೈಟ್, ಡಯೋಜನೈಟ್. ಯೂಕ್ರೈಟ್ ಅಂದರೆ ಲಾವಾ ಆರಿ ಆದ ಬಸಾಲ್ಟ್. ಬೆಳಗಾವಿ, ವಿಜಯಪುರದ ಕಡೆಯ ಕಪ್ಪು ಬಂಡೆಯ ಬಳಗದ್ದೇ. ಆದರೆ ನಮ್ಮ ಬಂಡೆಗೆ ಆರೂವರೆ ಕೋಟಿ ವರ್ಷದ ಆಸುಪಾಸು, ಯೂಕ್ರೈಟ್‌ಗೆ 450 ಕೋಟಿಗೂ ಮಿಕ್ಕಿ. ಡಯೋಜನೈಟ್ ಅದೇ ಕಾಯದ ಆಳದಲ್ಲಿ ನಿಧಾನಕ್ಕೆ ಆರಿದ ಕಲ್ಲು. ಎರಡೂ ಪುಡಿಯಾಗಿ ಬೆರೆತು ಮತ್ತೆ ಗಟ್ಟಿಯಾದದ್ದು ಹೌವರ್ಡೈಟ್. ಮೂರೂ ವೆಸ್ಟಾ ಎಂಬ ಕ್ಷುದ್ರಗ್ರಹದವು. ವೆಸ್ಟಾದಿಂದ ಬರುವ ಬೆಳಕು ಯೂಕ್ರೈಟ್‌ನಿಂದ ಹೊಮ್ಮುವ ಬೆಳಕಿಗೆ ಹೊಂದುತ್ತದೆ ಅಂತ 1970ರಲ್ಲೇ ಗೊತ್ತಾಗಿತ್ತು. 2011ರಲ್ಲಿ ನಾಸಾದ ಡಾನ್ ನೌಕೆ ಅಲ್ಲಿಗೇ ಹೋಗಿ ಸುತ್ತಿ, ದಕ್ಷಿಣ ಧ್ರುವದಲ್ಲಿ ಸುಮಾರು 500 ಕಿಲೋಮೀಟರ್ ಅಗಲದ ಗುಂಡಿಯನ್ನು ಅಳೆದ ಮೇಲೆ, ಚೂರುಗಳು ಎಲ್ಲಿಂದ ಎದ್ದವು ಅನ್ನುವುದೂ ಬಹುಮಟ್ಟಿಗೆ ತಿಳಿಯಿತು.

ನೀವು ಕೇಳಿದ ಆಬ್ರೈಟ್ ಇದೇ ಕರಗಿದ ಕವಲಿನದು. 2022ರ ಆಗಸ್ಟ್ 17ರಂದು ಬನಾಸ್‌ಕಾಂಠಾ ಜಿಲ್ಲೆಯ ದಿಯೋದರ್ ಹತ್ತಿರ ಬಿದ್ದದ್ದು. ಭಾರತದಲ್ಲಿ ಇದಕ್ಕೆ ಮೊದಲು ಆಬ್ರೈಟ್ ಬಿದ್ದದ್ದು 1852ರಲ್ಲಿ, ಉತ್ತರಪ್ರದೇಶದ ಬಸ್ತಿಯ ಕಡೆ. ಕಬ್ಬಿಣವೇ ಇಲ್ಲದ ಪೈರಾಕ್ಸೀನ್ ಆಗಿರುವುದರಿಂದ ಕಲ್ಲು ಬೆಳ್ಳಗೆ. ಹೊರಗಿನ ಸಿಪ್ಪೆ ಕೂಡ ಕೆಲವೊಮ್ಮೆ ತೆಳು ಬಣ್ಣದ್ದೇ ಇರುತ್ತದೆ. ಉಲ್ಕೆ ಅಂದರೆ ಕಪ್ಪಗೇ ಇರಬೇಕು ಅಂದುಕೊಂಡವರು ಇಂಥ ಕಲ್ಲನ್ನು ಪಕ್ಕಕ್ಕೆ ಎಸೆದುಬಿಡುತ್ತಾರೆ.

ಯೂರಿಲೈಟ್‌ಗಳಲ್ಲಿ ಇಂಗಾಲ ಜಾಸ್ತಿ, ಆಲಿವೀನ್ ಹರಳುಗಳ ನಡುವೆ ಗ್ರಾಫೈಟ್ ಮತ್ತು ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರಗಳು. 2008ರ ಅಕ್ಟೋಬರ್‌ನಲ್ಲಿ ಬೀಳುವ ಮೊದಲೇ ಟೆಲಿಸ್ಕೋಪಿಗೆ ಸಿಕ್ಕಿ, ಲೆಕ್ಕ ಹಾಕಿದ ಜಾಗದಲ್ಲೇ ಸುಡಾನಿನ ಮರುಭೂಮಿಗೆ ಬಿದ್ದ ಉಲ್ಕೆಯ ಚೂರುಗಳಲ್ಲಿ ಹೆಚ್ಚಿನವು ಯೂರಿಲೈಟ್. ಕರಗಲು ಶುರುವಾಗಿ ಅರ್ಧಕ್ಕೇ ನಿಂತ ಅಕಪುಲ್ಕೋಐಟ್, ಲೊಡ್ರಾನೈಟ್‌ಗಳು ಎರಡೂ ಕವಲಿನ ನಡುವೆ ಕೂರುತ್ತವೆ. ಚಂದ್ರನ ಕಲ್ಲುಗಳೂ ಬೀಳುತ್ತವೆ. ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಒಂದನ್ನು 1980ರ ದಶಕದ ಶುರುವಿನಲ್ಲಿ ಅಪೋಲೋ ಕಲ್ಲುಗಳ ಜೊತೆ ಹೋಲಿಸಿದಾಗ ಖಚಿತವಾಯಿತು.

ಮಂಗಳದ ಕಲ್ಲುಗಳ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅವುಗಳ ದೊಡ್ಡ ಗುಂಪಿಗೆ ಬಿಹಾರದ ಶೇರ್‌ಘಾಟಿಯ ಹೆಸರಿದೆ. 1865ರ ಆಗಸ್ಟ್ 25ರಂದು ಅಲ್ಲಿ ಸುಮಾರು ಐದು ಕಿಲೋ ತೂಕದ ಕಲ್ಲು ಬಿತ್ತು. ಮೈಸೂರು ಸೀಮೆಯ ಕಲ್ಲು ಬಿದ್ದದ್ದಕ್ಕಿಂತ ತಿಂಗಳೊಪ್ಪತ್ತು ಮೊದಲು. ನೋಡಲು ಸಾಮಾನ್ಯ ಬಸಾಲ್ಟ್ ತರಹ. ಆದರೆ ಡಿಕ್ಕಿಯ ಒತ್ತಡಕ್ಕೆ ಅದರ ಫೆಲ್ಡ್‌ಸ್ಪಾರ್ ಹರಳೆಲ್ಲ ಕರಗದೆಯೇ ಗಾಜಾಗಿತ್ತು. 1872ರಲ್ಲಿ ಆಸ್ಟ್ರಿಯಾದ ಖನಿಜ ವಿಜ್ಞಾನಿ ಚೆರ್ಮಾಕ್ ಈ ಗಾಜನ್ನು ವಿವರಿಸಿ ಮ್ಯಾಸ್ಕೆಲಿನೈಟ್ ಅಂದರು. ನೂರು ವರ್ಷದ ನಂತರ ವಯಸ್ಸು ಅಳೆದಾಗ ಇನ್ನೊಂದು ಅಚ್ಚರಿ: ಬೇರೆ ಹೆಚ್ಚಿನ ಉಲ್ಕೆಗಳು 450 ಕೋಟಿ ವರ್ಷ ಅನ್ನುವಾಗ ಇದು ಇಪ್ಪತ್ತು ಕೋಟಿಯೂ ಇಲ್ಲ. ಅಷ್ಟು ಇತ್ತೀಚಿನವರೆಗೆ ಜ್ವಾಲಾಮುಖಿ ಉರಿಯಬೇಕಾದರೆ ಕ್ಷುದ್ರಗ್ರಹ ಸಾಲದು, ಗ್ರಹವೇ ಬೇಕು. 1983ರಲ್ಲಿ ಅಂಟಾರ್ಕ್ಟಿಕಾದ ಇದೇ ಬಗೆಯ ಉಲ್ಕೆಯೊಂದರ ಗಾಜಿನಲ್ಲಿ ಸಿಕ್ಕಿಬಿದ್ದಿದ್ದ ಅನಿಲವನ್ನು ನಾಸಾದ ವಿಜ್ಞಾನಿಗಳಾದ ಬೋಗಾರ್ಡ್ ಮತ್ತು ಜಾನ್ಸನ್ ಅಳೆದರು. ವೈಕಿಂಗ್ ನೌಕೆಗಳು 1976ರಲ್ಲಿ ಮಂಗಳದಲ್ಲೇ ಅಳೆದ ಗಾಳಿಗೆ ಅದು ತಾಳೆಯಾಯಿತು. ಈಜಿಪ್ಟಿನ ನಖ್ಲಾ, ಫ್ರಾನ್ಸಿನ ಶಸೀನ್ಯಿ ಕಲ್ಲುಗಳೂ ಇದೇ ಕುಟುಂಬದವು.

ಇಷ್ಟೆಲ್ಲ ಕುಟುಂಬಗಳನ್ನು ಬೇರ್ಪಡಿಸಲು ಕಣ್ಣು ಮತ್ತು ಸೂಕ್ಷ್ಮದರ್ಶಕ ಸಾಲದಾದಾಗ ಆಮ್ಲಜನಕ ನೆರವಿಗೆ ಬರುತ್ತದೆ. ಆಮ್ಲಜನಕದಲ್ಲಿ 16, 17, 18 ಅಂತ ಮೂರು ತೂಕದ ಪರಮಾಣುಗಳಿವೆ. ಒಂದೊಂದು ತಾಯಿಕಾಯದಲ್ಲಿ ಇವುಗಳ ಬೆರಕೆ ಒಂದೊಂದು ರೀತಿ. 1973ರಲ್ಲಿ ಶಿಕಾಗೋದ ರಾಬರ್ಟ್ ಕ್ಲೇಟನ್ ಮತ್ತು ಜೊತೆಗಾರರು ಇದನ್ನು ತೋರಿಸಿಕೊಟ್ಟ ಮೇಲೆ ವಿಂಗಡಣೆಯ ಚಹರೆಯೇ ಬದಲಾಯಿತು. ಇಂದು ಹೊಸ ಅಕಾಂಡ್ರೈಟ್ ಸಿಕ್ಕಿದರೆ ಸಾಮಾನ್ಯವಾಗಿ ಈ ಪರೀಕ್ಷೆ ಮಾಡಿಸಿಯೇ ಕುಟುಂಬದ ಹೆಸರು ಬರೆಯುತ್ತಾರೆ.

ಸರಿ, ನಿಮ್ಮ ಕಲ್ಲು. ಸಂಡೂರು ಅಂದಕೂಡಲೇ ನನ್ನ ಮೊದಲ ಅನುಮಾನ ಕಬ್ಬಿಣದ ಅದಿರಿನ ಮೇಲೆ. ಎರಡನೆಯದು ಕಿಟ್ಟ. ನಮ್ಮ ನಾಡಿನಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳು ತುಂಬಾ ಹಿಂದಿನಿಂದಲೂ ಇದ್ದವು, ಅವುಗಳ ಕಿಟ್ಟ ಹೊಲಗಳಲ್ಲಿ ಇಂದಿಗೂ ಸಿಗುತ್ತದೆ. ಎರಡೂ ಕಪ್ಪು, ಭಾರ, ಆಯಸ್ಕಾಂತಕ್ಕೂ ಅಂಟಬಹುದು. ಅದಕ್ಕೇ ಆಯಸ್ಕಾಂತ ಒಂದನ್ನೇ ನಂಬಬೇಡಿ. ಇನ್ನೊಂದು ಮಾತು: ಬಲವಾದ ಆಯಸ್ಕಾಂತವನ್ನು ಪದೇ ಪದೇ ಮುಟ್ಟಿಸಬೇಡಿ. ನಿಜವಾದ ಉಲ್ಕೆಯಾಗಿದ್ದರೆ ಅದರೊಳಗೆ ಉಳಿದಿರುವ ಪುರಾತನ ಕಾಂತೀಯ ಗುರುತು ಅಳಿಸಿಹೋಗುತ್ತದೆ.

ಹೀಗೆ ಮಾಡಿ. ನೆಲಕ್ಕೆ ಹಾಕುವ ಟೈಲ್ಸ್‌ನ ಹಿಂಬದಿ, ಹೊಳಪಿಲ್ಲದ ಕಡೆ, ಕಲ್ಲನ್ನು ಒತ್ತಿ ಎಳೆಯಿರಿ. ಕೆಂಪು-ಕಂದು ಗೆರೆ ಬಂದರೆ ಹೆಮಟೈಟ್. ದಟ್ಟ ಕಪ್ಪು ಗೆರೆ ಬಂದರೆ ಮ್ಯಾಗ್ನಟೈಟ್. ಎರಡೂ ಅದಿರೇ. ತುಕ್ಕು ಹಿಡಿಯದ ಕಲ್ಲು ಉಲ್ಕೆ ಹೆಚ್ಚಾಗಿ ಗೆರೆಯನ್ನೇ ಬಿಡುವುದಿಲ್ಲ, ಬಿಟ್ಟರೂ ತೆಳು ಬೂದು.

ಆಮೇಲೆ ಸಾಂದ್ರತೆ. ಕಲ್ಲನ್ನು ದಾರಕ್ಕೆ ಕಟ್ಟಿ ತೂಕದ ಕೊಕ್ಕೆಗೆ ನೇತುಹಾಕಿ ತೂಗಿ. ಹಾಗೇ ನೀರಿನಲ್ಲಿ ಪೂರ್ತಿ ಮುಳುಗಿಸಿ ಇನ್ನೊಮ್ಮೆ ತೂಗಿ. ಮೊದಲ ತೂಕವನ್ನು, ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿ. ಸಾಮಾನ್ಯ ಕಾಂಡ್ರೈಟ್ ಆದರೆ 3.2ರಿಂದ 3.8ರ ಒಳಗೆ ಬರುತ್ತದೆ. ಒಳ್ಳೆಯ ಅದಿರಾದರೆ 5ರ ಹತ್ತಿರ. ಕಲ್ಲು ಉಲ್ಕೆ ಭಾರ ನಿಜ, ಆದರೆ ಅದಿರಿನಷ್ಟು ಭಾರ ಅಲ್ಲ. ಕಿಟ್ಟದ ಸಾಂದ್ರತೆ ಮಾತ್ರ ಉಲ್ಕೆಯದಕ್ಕೆ ಹತ್ತಿರ ಬರಬಹುದು, ಆದ್ದರಿಂದ ಮುಂದಿನ ಪರೀಕ್ಷೆಯನ್ನೂ ಬಿಡಬೇಡಿ.

ಹೊರಮೈ ನೋಡಿ. ಹೊಸದಾಗಿ ಬಿದ್ದ ಉಲ್ಕೆಗೆ ಒಂದು ಮಿಲಿಮೀಟರ್‌ಗೂ ತೆಳ್ಳಗಿನ ಸುಟ್ಟ ಸಿಪ್ಪೆ ಇರುತ್ತದೆ. ಕಾಂಡ್ರೈಟ್‌ನಲ್ಲಿ ಹೊಳಪಿಲ್ಲದ ಕಪ್ಪು, ಯೂಕ್ರೈಟ್‌ನಲ್ಲಿ ಮಿರುಗುವ ಕಪ್ಪು. ಮೂಲೆ ಒಡೆದಿದ್ದರೆ ಕಪ್ಪು ಸಿಪ್ಪೆಯ ಕೆಳಗೆ ಬೂದು ಕಲ್ಲು ಕಾಣಬೇಕು. ಮೈಮೇಲೆ ಬೆರಳೊತ್ತಿದಂಥ ತಗ್ಗುಗಳು ಇರಬಹುದು. ಗಾಳಿಗುಳ್ಳೆಯ ತೂತುಗಳು ತುಂಬಾ ಇದ್ದರೆ ಅದು ಕಿಟ್ಟ. ಒಳಗೆ ಬೆಣಚುಕಲ್ಲಿನ ಬಿಳಿ ಹರಳು ಅಥವಾ ಪಟ್ಟೆ ಪಟ್ಟೆ ಕಂಡರೆ ಭೂಮಿಯದೇ ಕಲ್ಲು. ಸಂಡೂರಿನ ಪಟ್ಟೆ ಅದಿರು ನೀವು ನೋಡಿಯೇ ಇರುತ್ತೀರಿ, ಅಲ್ವಾ?

ಗೆರೆ ಬರಲಿಲ್ಲ, ಸಾಂದ್ರತೆ ಮೂರೂವರೆ ಹತ್ತಿರ ಬಂತು, ತೂತುಗಳಿಲ್ಲ ಅಂದರೆ ಮಾತ್ರ ಮುಂದಿನ ಹೆಜ್ಜೆ. ಒಂದು ಮೂಲೆಯನ್ನು ಉಗುರಿನಷ್ಟು ಅಗಲ ಎಮರಿ ಪೇಪರ್‌ನಲ್ಲಿ ಉಜ್ಜಿ, ಭೂತಗನ್ನಡಿಯಲ್ಲಿ ನೋಡಿ. ಬೂದು ಕಲ್ಲಿನ ನಡುವೆ ಬೆಳ್ಳಿಯಂತೆ ಹೊಳೆಯುವ ಚುಕ್ಕಿಗಳು ಕಂಡರೆ ಉಜ್ಜುವುದನ್ನು ಅಲ್ಲಿಗೇ ನಿಲ್ಲಿಸಿ. ಸುತ್ತಿಗೆಯಲ್ಲಿ ಒಡೆಯಬೇಡಿ, ತೊಳೆಯಬೇಡಿ, ಎಣ್ಣೆ, ಕುಂಕುಮ ಏನೂ ಹಚ್ಚಬೇಡಿ. ಒಣಗಿದ ಸ್ವಚ್ಛ ಕಾಗದದಲ್ಲಿ ಸುತ್ತಿ, ಸಿಕ್ಕ ಜಾಗ ಮತ್ತು ದಿನಾಂಕ ಬರೆದಿಟ್ಟು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಬೆಂಗಳೂರು ಕಚೇರಿಗೆ ತಿಳಿಸಿ. ದೇಶದಲ್ಲಿ ಬೀಳುವ ಉಲ್ಕೆಗಳನ್ನು ಕಾಪಾಡುವ ಹೊಣೆ ಆ ಸಂಸ್ಥೆಯದು. ಲೋಹದಲ್ಲಿ ನಿಕಲ್ ಇದೆಯೇ, ಆಲಿವೀನ್‌ನಲ್ಲಿ ಕಬ್ಬಿಣ ಎಷ್ಟು ಅಂತ ಅಳೆದ ಮೇಲೆ ಅಕ್ಷರವನ್ನೂ ಅಂಕಿಯನ್ನೂ ಅವರು ಹೇಳಬಲ್ಲರು. ಟೈಲ್ಸ್ ಮೇಲಿನ ಗೆರೆಯ ಬಣ್ಣ ಮತ್ತು ಸಾಂದ್ರತೆಯ ಲೆಕ್ಕ, ಇವೆರಡನ್ನು ಮೊದಲು ನನಗೆ ಬರೆದು ತಿಳಿಸಿ.